ಗಿರಿಜೆಯ ನೂರು ಹಾಲಿ ಹುಡುಕಿಕೊಂಡು ಗದ್ವಾಲಕ್ಕೆ

ನಾರಾಯಣಪೇಟೆಯಿಂದ ಮೋಟಾರು ಹೊರಟಾಗ ಇನ್ನೂ ಬಿಸಿಲೇರಿರಲಿಲ್ಲ. ಮಕ್ತಲ್‌ವರೆಗೆ ತಲೆಗೆ ಹತ್ತಾಣೆ. ಕಿಟಕಿಯ ಪಕ್ಕ ನನ್ನ ತಮ್ಮನ ಮಗಳು ಗಿರಿಜೆ, ಅವಳ ಕಾವಲಿಗೆ ನಾನು. ಪೊಲೀಸ್ ಆ್ಯಕ್ಷನ್ ಆಗಿ ಎರಡನೇ ಕಾರ್ತಿಕ ಅದು. ನಮ್ಮ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ ಇನ್ನು ನಡೆಯುವುದಿಲ್ಲವಂತೆ, ಹಿಂದೂಸ್ತಾನದ ಕಲ್ದಾರ್ ರೂಪಾಯಿ ಒಂದೇ ಉಳಿಯುತ್ತದಂತೆ ಎಂದು ಊರೆಲ್ಲ ಗುಲ್ಲು. ಅದನ್ನು ಕೇಳಿ ಹೆದರಿದ ಗಿರಿಜೆ, ಸೀರೆ ನೇಯ್ದು ಕೂಡಿಟ್ಟ ನೂರು ಹಾಲಿಯನ್ನು ಕಲ್ದಾರ್ ನಡೆಯುವ ಕರ್ನೂಲಿನಲ್ಲಿ ಬದಲಾಯಿಸಿ ತಾ ಎಂದು ಗದ್ವಾಲದ ವೀರೇಶನ ಕೈಗೆ ಕೊಟ್ಟಿದ್ದಳು. ಅವನೊಂದಿಗೆ ಅವಳ ಮದುವೆಯ ಮಾತೂ ನಡೆದಿತ್ತು. ಮಳೆಗಾಲ ಕಳೆದರೂ ದುಡ್ಡಿಲ್ಲ, ಸುದ್ದಿಯಿಲ್ಲ. ನನ್ನ ತಮ್ಮ ಬೇರೆ ಕಡೆ ಗಂಡು ನೋಡತೊಡಗಿದ್ದ.

"ಅತ್ತಿ, ರೊಕ್ಕರೆ ತರ್ತೀನಿ, ಇಲ್ಲಾ ಅವನ್ನರೆ ತರ್ತೀನಿ," ಎಂದಳು ಗಿರಿಜೆ.

"ಎರಡೂ ಸಿಗಲಿಲ್ಲ ಅಂದ್ರ?"

"ಮೋಟಾರಿನ ಖರ್ಚು ನಿಂದು."

ಮಕ್ತಲ್‌ನಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಬಂಡಿಯಲ್ಲಿ ಕೃಷ್ಣೆಯ ದಡ ಸೇರಿದೆವು. ಹರಿಗೋಲಿನವನು ಎಲ್ಲಿಗೆ ಎಂದು ಕೇಳುವ ಮೊದಲೇ "ಹಾಲಿ ಕೊಡ್ತೀರೋ, ಕಲ್ದಾರೋ?" ಎಂದು ಕೇಳಿದ. ಹಾಲಿ ಎಂದಾಗ ಮುಖ ಹುಳ್ಳಗೆ ಮಾಡಿಕೊಂಡೇ ಹತ್ತಿಸಿಕೊಂಡ. ನಡುನೀರಿನಲ್ಲಿ ಹರಿಗೋಲು ಗರಗರ ತಿರುಗಿತು. ನಾನು ಮಕ್ತಲ್‌ನ ಒಗ್ಗರಣೆಯನ್ನೆಲ್ಲ ಕೃಷ್ಣೆಗೆ ಅರ್ಪಿಸಿದೆ. ಗಿರಿಜೆ ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಗದ್ವಾಲ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. "ಅಂವ ಟೂರಿಂಗ್ ಟಾಕೀಸಿನ್ಯಾಗ ಇರ್ತಾನ್ರಿ," ಎಂದಳು ವೀರೇಶನ ತಾಯಿ. ಟೆಂಟಿನಲ್ಲಿ ಹೆಂಗಸರ ಕಡೆ ತಲೆಗೆ ನಾಲ್ಕಾಣೆ. ಬೊಂಬಾಯಿಯಿಂದ ಬಂದ ನಗೆಯ ಚಿತ್ರ. ಅದರ ಹಿಂದಿ ಮಾತು ಎಲ್ಲರಿಗೂ ತಿಳಿಯುವುದಿಲ್ಲವೆಂದು, ಪರದೆಯ ಪಕ್ಕ ಒಬ್ಬ ಬೆತ್ತ ಹಿಡಿದು ನಿಂತು ಕಥೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬಿಡಿಸಿ ಹೇಳುತ್ತಿದ್ದ. ನೋಡಿದರೆ ಅವನೇ ವೀರೇಶ.

ಚಿತ್ರದ ಹುಡುಗಿಗೂ ಅದೇ ತಾಪತ್ರಯ: ಕೈಯಲ್ಲಿ ಕಾಸಿಲ್ಲ, ಮನಸ್ಸು ಕೊಟ್ಟವನ ಪತ್ತೆಯಿಲ್ಲ. "ನೋಡ್ರೆಪಾ, ನಾಯಕ ಭಾಳ ಛಲೋ ಮನಶ್ಯಾ. ಬಂದಾ ಬರ್ತಾನ," ಎಂದು ವೀರೇಶ ಬೆತ್ತ ಆಡಿಸಿದ.

ಗಿರಿಜೆ ಎದ್ದು ನಿಂತಳು. "ರೊಕ್ಕ ಏನ್ ಮಾಡಿದ, ಕೇಳ್ರಿ ಅವನ್ನ!"

ಬೆತ್ತ ಅಲ್ಲೇ ನಿಂತಿತು. ಪರದೆಯ ಮೇಲೆ ನಾಯಕಿ ಕಾರು ಓಡಿಸುತ್ತ ಕೋಳಿಗಳ ನಡುವೆ ನುಗ್ಗುತ್ತಿದ್ದಳು. ವೀರೇಶ ಅತ್ತ ನೋಡಲೇ ಇಲ್ಲ.

"ನಾಯಕ ಏನಂತಾನಪಾ ಅಂದ್ರ... ಹಾಲಿ ಹೋಗ್ತೈತಿ, ಕಲ್ದಾರ ಬರ್ತೈತಿ, ಟೆಂಟು ಯಾವ ಸರಕಾರದಾಗೂ ನಡೀತೈತಿ. ಅದಕ್ಕ ಆಕಿ ರೊಕ್ಕ ಟೆಂಟಿನ ಪಾಲಿಗೆ ಹಾಕಿದೆ. ಗಾಳಿಗೆ ಟೆಂಟು ಹರೀತು. ಹೊಲಿಸೋದ್ರಾಗ ಲಾಭ ಎಲ್ಲಾ ಹೋತು. ಯಾವ ಮುಖ ಇಟಗೊಂಡು ಬರ್ಲಿ?"

ಹಿಂದಿನಿಂದ ಒಬ್ಬ ತೆಲುಗಿನಲ್ಲಿ, ಹಾಗಾದರೆ ಆ ಕೋಳಿಗಳು ಯಾರವು ಎಂದು ಕೇಳಿದ.

ನಾನು ತಲೆಯೆತ್ತಿ ನೋಡಿದೆ. ಮೇಲೆಲ್ಲ ಹೊಸ ತೇಪೆ. ಗಿರಿಜೆಯ ನೂರು ಹಾಲಿಯ ಕೆಳಗೇ ನಾವು ಟಿಕೀಟು ತೆಗೆಸಿ ಕುಳಿತಿದ್ದೆವು! ಸಿಟ್ಟು ಮಾಡಬೇಕೆಂದರೆ ನಗು ಬಂತು.

"ಕತಿ ಮುಂದ ಹೇಳು," ಎಂದು ಗಿರಿಜೆ ಕುಳಿತಳು. ಅವನು ಗದ್ಗದ ದನಿಯಲ್ಲಿ ಹೇಳಿದ. ಅಂಥ ನಗೆಯ ಚಿತ್ರಕ್ಕೆ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೆಳಿಗ್ಗೆ ವೀರೇಶ ಹೊಳೆಯವರೆಗೆ ಬಂದು ನಮ್ಮ ಟಿಕೀಟಿನ ಎಂಟಾಣೆ ವಾಪಸು ಕೊಟ್ಟ. ಗಿರಿಜೆ ಅದನ್ನು ಸೆರಗಿಗೆ ಕಟ್ಟಿಕೊಂಡಳು. ಹರಿಗೋಲು ಎಷ್ಟು ತಿರುಗಿದರೂ ಅವಳ ಕಣ್ಣು ಮಾತ್ರ ಆ ದಡವನ್ನು ಬಿಡಲಿಲ್ಲ.

ನಾರಾಯಣಪೇಟೆಯಲ್ಲಿ ನನ್ನ ತಮ್ಮ ಬಾಗಿಲಲ್ಲೇ ಕಾದಿದ್ದ. "ರೊಕ್ಕ ಬರಲಿಲ್ಲಲ್ಲ? ನಾಳೆ ಮಕ್ತಲ್‌ದವ್ರು ನಿನ್ನ ನೋಡಾಕ ಬರ್ತಾರ."

"ಬ್ಯಾಡ ಅಂತ ಹೇಳಪ್ಪಾ," ಎಂದಳು ಗಿರಿಜೆ. "ನನ್ನ ರೊಕ್ಕ ಗದ್ವಾಲದಾಗ ಐತಿ. ನಾ ಬ್ಯಾರೆ ಊರಿಗೆ ಸೊಸಿಯಾಗಿ ಹೋದ್ರ, ಅದನ್ನ ನೋಡಿಕೊಳ್ಳೋರು ಯಾರು?"