ಅಂಕಿ ಇಳಿದ ದಿನ

ಅಕ್ಕ ಜಮಖಂಡಿಯ ಆಸ್ಪತ್ರೆಯೊಂದರ ಐಸಿಯುದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಸಾವಳಗಿಯ ಹೊಲದಲ್ಲಿ, ಕಡಿದ ಕಬ್ಬಿನ ಬುಡದ ಮೊನೆ ಅಂಗಾಲಿಗೆ ಚುಚ್ಚಿತ್ತು. ಅರಿಶಿನ, ಸುಣ್ಣ ಮೆತ್ತಿಕೊಂಡು ಹಾಗೇ ಓಡಾಡಿದ್ದಳು. ನಮ್ಮ ಮನೆತನದ ಹೆಂಗಸರಿಗೆ ದವಾಖಾನೆಗೆ ಹೋಗು ಅಂದರೆ ಬೈದಂತೆ. ಚಳಿ ಹತ್ತಿ ಮಾತು ತೊದಲತೊಡಗಿದ ಮೇಲೆ ಹೊತ್ತು ತಂದದ್ದು. ಡಾಕ್ಟರು ಸೆಪ್ಸಿಸ್ ಅಂದರು. ನಂಜು ರಕ್ತಕ್ಕೆ ಏರಿತ್ತು.

ನಾನು ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಓಡಿ ಬಂದಿದ್ದೆ. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಅಕ್ಕ. ಹೆದರಿದಾಗ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ದಿನಗಳಲ್ಲಿ ಚಹಾದವನಿಂದ ಹಿಡಿದು ವಾಚ್‌ಮನ್‌ವರೆಗೆ ನನ್ನ ಬಾಯಿಗೆ ಸಿಗದವರಿಲ್ಲ.

ಡಾಕ್ಟರು ಮುಧೋಳದ ಕಡೆಯವರು. ದಿನವೂ ಅಕ್ಕನ ರಕ್ತ ತೆಗೆದು ಪ್ರೊಕ್ಯಾಲ್ಸಿಟೋನಿನ್ ಎಂಬುದನ್ನು ಅಳೆಯಿಸುತ್ತಿದ್ದರು.

“ಮೈಯಾಗ ನಂಜು ಜೋರಾದ್ರ ಇದು ಏರತೈತ್ರಿ,” ಎಂದು ನನಗೆ ಬಿಡಿಸಿ ಹೇಳಿದ್ದರು. “ಒಂದ ಸಲದ್ದು ನೋಡಿ ಏನೂ ಹೇಳಾಕ ಬರೂದಿಲ್ಲ. ದಿನಾ ಇಳಕೋಂತ ಬಂತಂದ್ರ ಔಷಧ ಹತ್ತಾಕತ್ತೈತಿ ಅಂತ ಆಶಾ ಇಟ್ಕೋಬೇಕು.”

ಅದನ್ನೇ ನಾನು ಅಕ್ಕನ ಗಂಡನಿಗೆ, ನಮ್ಮ ಮಾಮಾಗೆ ಹೇಳಿದೆ. ಅವರು ತಲೆಯಾಡಿಸಿದರು. ಕಣ್ಣು ಮಾತ್ರ ಬಾಗಿಲ ಗಾಜಿನ ಆಚೆ, ನೀರು ತುಂಬಿ ಊದಿದ ಅಕ್ಕನ ಮುಖದ ಮೇಲೇ ಇತ್ತು. ಕಿವಿಗೆ ಏನೂ ಬಿದ್ದಿರಲಿಲ್ಲವೆಂದು ಮರುದಿನ ತಿಳಿಯಿತು.

ಮರುದಿನ ಮಧ್ಯಾಹ್ನ ನಾನು ಊಟ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಆಸ್ಪತ್ರೆಯ ಬಾಗಿಲಿಗೆ ಊರಿನ ಕ್ರೂಸರ್ ಗಾಡಿ ಹಚ್ಚಿ ನಿಂತಿತ್ತು. ಹಿಂದಿನ ಸೀಟು ಮಡಚಿ ಚಾಪೆ ಹಾಸಿದ್ದರು. ಮೇಲೆ ಹೋದರೆ ಮಾಮಾ ಅಂದಿನ ರಿಪೋರ್ಟು ಹಿಡಿದು ನೆಲಕ್ಕೆ ಕುಸಿದು ಕೂತಿದ್ದರು. ಮನೆಗೆ ಹಿರಿಯರಾದ ಅವರ ಅಣ್ಣ ನರ್ಸಿಗೆ ಅವಸರ ಮಾಡುತ್ತಿದ್ದರು.

“ಎಲ್ಲಿಗ್ರಿ?” ಅಂದೆ.

“ಮನಿಗಿ ಒಯ್ಯೂದು, ಯವ್ವಾ. ರಕ್ತದ್ದು ಬಾಳ ಕಡಿಮಿ ಬಂದೈತಂತ. ನಿನ್ನೆಕಿಂತ ಇವತ್ತು ಅರ್ಧಾನೂ ಇಲ್ಲಂತ. ಉಸಿರು ಇದ್ದಾಗ ಹೊಸ್ತಲಾ ದಾಟಸಬೇಕು.”

ನಮ್ಮ ಕಡೆ ಹೊರಗೆ ಜೀವ ಬಿಟ್ಟವರನ್ನು ಮನೆಯೊಳಗೆ ಒಯ್ಯುವುದಿಲ್ಲ, ಅಂಗಳದಲ್ಲೇ ಮಲಗಿಸುತ್ತಾರೆ. ಆ ಹಿರಿಯರಿಗೆ ಇದ್ದದ್ದು ಆ ಹೆದರಿಕೆ. ಮನೆಯ ಸೊಸೆ ಅಂಗಳದ ಹೆಣವಾಗಬಾರದು. ಕೆಟ್ಟ ಮನುಷ್ಯನಲ್ಲ. ಬಸುರಿಯರ ರಕ್ತ ಕಡಿಮೆ, ಡೆಂಗಿ ಬಂದವರ ಪ್ಲೇಟ್‌ಲೆಟ್ ಕಡಿಮೆ ಅಂತ ಕೇಳಿ ಕೇಳಿ ಬೆಳೆದವರು ನಾವು. ರಿಪೋರ್ಟಿನಲ್ಲಿ ಏನೇ ಇಳಿದರೂ ಎದೆ ಧಸಕ್ಕೆನ್ನುತ್ತದೆ.

ಇದೆಲ್ಲ ಈಗ ತಣ್ಣಗೆ ಬರೆಯುತ್ತಿದ್ದೇನೆ. ಅಂದು ಬಾಗಿಲಿಗೆ ಅಡ್ಡ ನಿಂತು ಒದರಿದೆ.

“ಜ್ವರ ಇಳದ್ರ ಅಳ್ತೀರೇನ್ರಿ? ಇಳದದ್ದು ರಕ್ತ ಅಲ್ಲ, ನಂಜು! ಆಕಿ ಉಳ್ಯಾಕತ್ತಾಳ, ನೀವು ಚಾಪಿ ಹಾಸೀರಿ!”

ಗದ್ದಲಕ್ಕೆ ಡಾಕ್ಟರು ಬಂದರು. ಇಳಿದದ್ದು ಒಳ್ಳೆಯದೇ ಎಂದರು. ಹಿರಿಯರು ಅವರನ್ನೇ ದಿಟ್ಟಿಸಿ ಕೇಳಿದರು, “ಹಂಗಾರ ಉಳೀತಾಳ ಅಂತ ಬರದು ಕೊಡ್ರಿ.”

“ಅದನ್ನ ಕೊಡಾಕ ಬರೂದಿಲ್ರಿ. ಈಗ ಆಕ್ಸಿಜನ್, ಸಲೈನ್ ತಗದ್ರ ಹಾದಿಯಾಗ ಜೀವ ಹೋಗತೈತಿ. ಇದನ್ನ ಮಾತ್ರ ಬರದು ಕೊಡ್ತೀನಿ.”

ನಾನು ಬಾಗಿಲು ಬಿಟ್ಟು ಸರಿಯಲಿಲ್ಲ. ಅಂಕಿ ನಾಳೆ ಮತ್ತೆ ಏರಿದರೆ? ಹಟಕ್ಕೆ ಬಿದ್ದು ಅಕ್ಕನನ್ನು ಅಂಗಳಕ್ಕೆ ಹಾಕಿದವಳು ಎಂದು ಸಾಯುವತನಕ ಕೇಳಬೇಕಾಗುತ್ತದೆ. ಆ ಹೆದರಿಕೆ ನನಗೂ ಇತ್ತು, ಖರೆ.

ಮಾಮಾ ಗೋಡೆ ಹಿಡಿದು ಎದ್ದರು. ಅಣ್ಣನಿಗೆ ಎದುರಾಡಿ ಗೊತ್ತಿಲ್ಲದ ಮನುಷ್ಯ.

“ಅಣ್ಣಾ, ಗಾಡಿ ಕಳಸ್ರಿ. ಆಕಿ ಇಲ್ಲೇ ಇರಲಿ.”

ಹಿರಿಯರು ಗಾಡಿ ಕಳಿಸಿದರು, ತಾವು ಹೋಗಲಿಲ್ಲ. ಬಾಗಿಲ ಬದಿಯ ಬೆಂಚಿನ ಮೇಲೆ ಕೂತುಬಿಟ್ಟರು. ನನ್ನೊಡನೆ ಮಾತು ಬಿಟ್ಟರು. ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಮರುದಿನದ ರಕ್ತದಲ್ಲಿ ಅಂಕಿ ಇನ್ನಷ್ಟು ಇಳಿಯಿತು. ಅಕ್ಕ ಮಾತ್ರ ಕಣ್ಣು ತೆರೆಯಲಿಲ್ಲ. ಬರೀ ಅಂಕಿ ಕಟ್ಟಿಕೊಂಡು ಏನು ಮಾಡುವುದು ಎಂದು ನನಗೇ ಅನಿಸತೊಡಗಿತ್ತು.

ಅದರ ಮಾರನೆಯ ಬೆಳಿಗ್ಗೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಮಾಮಾ ಹೋಗಿ ಬಂದರು, ನಾನು ಮಂಚದ ಬಳಿ ನಿಂತೆ. ಅಕ್ಕನ ಕಣ್ಣು ಅರ್ಧ ತೆರೆದಿದ್ದವು, ಯಾರ ಮೇಲೂ ನಿಲ್ಲುತ್ತಿರಲಿಲ್ಲ. ನನ್ನನ್ನೂ ಗುರುತಿಸಲಿಲ್ಲ. ಅಷ್ಟರಲ್ಲಿ ಹಿರಿಯರು ತಡೆಯಲಾರದೆ ಬಾಗಿಲಲ್ಲಿ ಬಂದು ನಿಂತು ಕೆಮ್ಮಿದರು.

ಅಕ್ಕನ ಕೈ ಅಲುಗಿತು. ಸೂಜಿ ಚುಚ್ಚಿದ ಆ ಕೈ ಎದೆಯ ಮೇಲೆ ತಡವರಿಸುತ್ತ ಏನೋ ಹುಡುಕಿತು. ಆಸ್ಪತ್ರೆಯ ಹೊದಿಕೆಯ ಅಂಚು ಸಿಕ್ಕಿತು. ಅದನ್ನು ಮೆಲ್ಲಗೆ ಎಳೆದು, ಭಾವನವರು ಬಂದರೆಂದು, ತಲೆಯ ಮೇಲೆ ಸೆರಗಿನಂತೆ ಹೊದ್ದುಕೊಂಡಳು.

ಹಿರಿಯರು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತರು.