ಕೆಳಮನೆ ಆಂಟಿಯ ಸಿಂಗಲ್

ಹಾಡು ಬಿಡುಗಡೆಯಾದ ಶುಕ್ರವಾರ ಬೆಳಿಗ್ಗೆ ನಾನು ಟ್ರಾಮ್‌ನಲ್ಲಿ ಇಳಿಯಬೇಕಾದ ನಿಲ್ದಾಣ ಬಿಟ್ಟು ಮುಂದೆ ಹೋದೆ. ಎಷ್ಟು ಜನ ಕೇಳಿದರು ಎಂದು ತೋರಿಸುವ ಪುಟವನ್ನು ಫೋನಿನಲ್ಲಿ ಎಳೆದೆಳೆದು ನೋಡುತ್ತಿದ್ದೆ. ಅಲ್ಲಿಯವರೆಗೆ ಕೇಳಿದವರು ನಾನು, ನನ್ನ ಹೆಂಡತಿ ಮತ್ತು ಬಹುಶಃ ಹಾಡಿದವರೇ. ಪಕ್ಕದಲ್ಲಿದ್ದ ಹೆಂಗಸು ನನ್ನ ಅಲ್ಲಾಡುವ ಮೊಣಕಾಲನ್ನು ಎರಡು ಸಲ ದಿಟ್ಟಿಸಿ ಬೇರೆ ಸೀಟಿಗೆ ಹೋದರು. ಕೂತಲ್ಲಿ ಕಾಲು ಅಲ್ಲಾಡಿಸಬೇಡ ಎಂದು ಉಡುಪಿಯಲ್ಲಿ ಅಮ್ಮ ಬೈಯುತ್ತಿದ್ದುದು ಜರ್ಮನಿಯ ಕಾರ್ಲ್ಸ್‌ರುಹೆಗೆ ಬಂದು ಇಷ್ಟು ವರ್ಷವಾದರೂ ನನ್ನ ತಲೆಗೆ ಹತ್ತಿಲ್ಲ.

ಹಾಡಿದವರು ನಮ್ಮ ಕೆಳಗಿನ ಫ್ಲ್ಯಾಟಿನ ಜರ್ಮನ್ ಹೆಂಗಸು, ಅರುವತ್ತು ದಾಟಿದವರು. ನಾನೂ ಹೆಂಡತಿಯೂ ಮನೆಯೊಳಗೆ ಅವರನ್ನು ಕೆಳಮನೆ ಆಂಟಿ ಎನ್ನುತ್ತೇವೆ. ಕಂಪ್ಯೂಟರಿನಲ್ಲಿ ಯೂರೋಡಾನ್ಸ್ ಹಾಡು ಕಟ್ಟುವುದು ನನ್ನ ಹಳೆಯ ಹುಚ್ಚು. ತೊಂಬತ್ತರ ದಶಕದಲ್ಲಿ ಈ ದೇಶದ ಡಿಸ್ಕೋಗಳನ್ನು ಕುಣಿಸಿದ ಸಂಗೀತ ಅದು: ನಿಲ್ಲದೆ ಓಡುವ ತಾಳ, ನಡುವೆ ಒಂದಿಷ್ಟು ರ‍್ಯಾಪ್, ಆಮೇಲೆ ಹೆಣ್ಣು ದನಿಯೊಂದು ಎದೆ ತುಂಬಿ ಹಾಡುವ ಪಲ್ಲವಿ. ಉಡುಪಿಯ ಸಿಟಿ ಬಸ್ಸುಗಳಲ್ಲಿ ಅದರ ಕ್ಯಾಸೆಟ್ಟು ಕೇಳುತ್ತಲೇ ನಾನು ಹೈಸ್ಕೂಲಿಗೆ ಹೋಗಿ ಬಂದದ್ದು.

ಸದ್ದಾಗಬಾರದೆಂದು ಭಾನುವಾರ ಈ ಊರಿನಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯುವಂತಿಲ್ಲ. ಕೆಲವು ತಿಂಗಳ ಹಿಂದೆ ಅಂಥ ಒಂದು ಭಾನುವಾರ ಮಧ್ಯಾಹ್ನ, ನನ್ನ ತಾಳ ಜೋರಾಗಿ ಓಡುತ್ತಿರುವಾಗ, ಆಂಟಿ ನಮ್ಮ ಬಾಗಿಲು ತಟ್ಟಿದಾಗ, ನಾನು ಕ್ಷಮೆ ಕೇಳುವ ಮಾತನ್ನು ಜರ್ಮನ್‌ನಲ್ಲಿ ಜೋಡಿಸಿಕೊಂಡೇ ಚಿಲಕ ತೆಗೆದೆ. ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಇದಕ್ಕೆ ಹಾಡುವವರು ಯಾರೂ ಇಲ್ಲವೇ?" ಎಂದು ಕೇಳಿದರು.

ಕಾಫಿ ಕುಡಿಯುತ್ತಾ ತಮ್ಮ ಕಥೆ ಹೇಳಿದರು. ಹರೆಯದಲ್ಲಿ ಅವರು ಸ್ಟುಡಿಯೋಗಳಲ್ಲಿ ಇಂಥ ಹಾಡುಗಳ ಪಲ್ಲವಿ ಹಾಡುತ್ತಿದ್ದರಂತೆ. ಹಾಡು ಹೊರಬಂದಾಗ ಕವರಿನ ಮೇಲೆ, ಟೀವಿಯಲ್ಲಿ, ವೇದಿಕೆಯಲ್ಲಿ ಬೇರೊಬ್ಬ ತೆಳ್ಳಗಿನ ಹುಡುಗಿ ಅದಕ್ಕೆ ಬಾಯಾಡಿಸುತ್ತಿದ್ದಳಂತೆ.

"ನಮ್ಮಲ್ಲೂ ಹಾಗೆಯೇ. ಸಿನಿಮಾದಲ್ಲಿ ಬಾಯಾಡಿಸುವುದು ನಾಯಕಿ, ಹಾಡುವವರು ಬೇರೆ," ಎಂದು ನಾನು ದೊಡ್ಡ ಜಾಣನ ಹಾಗೆ ಹೇಳಿದೆ.

"ಹಾಡಿದ್ದು ಯಾರು ಎಂದು ಜನರಿಗೆ ಗೊತ್ತಿರುತ್ತದೆಯೇ?"

"ಗೊತ್ತಿಲ್ಲದೆ ಏನು? ಎಷ್ಟೋ ಸಲ ನಾಯಕಿಗಿಂತ ಅವರಿಗೇ ಹೆಸರು ಹೆಚ್ಚು."

"ಹಾಗಾದರೆ ನಿಮ್ಮಲ್ಲಿ ಇಲ್ಲಿಯ ಹಾಗಲ್ಲ," ಎಂದು ಅವರು ಕಪ್ಪನ್ನು ಕೆಳಗಿಟ್ಟರು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆಂಟಿಗೆ ಟೀವಿ ಬೇಡ, ದುಡ್ಡು ಬೇಡ. ತಮ್ಮ ದನಿ, ಅದರ ಪಕ್ಕದಲ್ಲಿ ತಮ್ಮ ಹೆಸರು, ಅದನ್ನು ನಾಲ್ಕು ಜನ ಕೇಳಬೇಕು. ಅಷ್ಟೇ ಅವರ ಆಸೆ.

ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲರ ಸೈಕಲ್ಲು ಮತ್ತು ವಾಷಿಂಗ್ ಮಷೀನುಗಳ ನಡುವೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದೆವು. ಪಲ್ಲವಿ ಮೇಲಕ್ಕೇರುವ ಹೊತ್ತಿಗೇ ಸರಿಯಾಗಿ ಯಾರದೋ ಮಷೀನು ಬಟ್ಟೆ ಹಿಂಡಲು ಶುರು ಮಾಡುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ, ಆಂಟಿ ನಗುತ್ತಾ ಥರ್ಮಾಸಿನಿಂದ ಬಿಸಿನೀರು ಕುಡಿಯುತ್ತಿದ್ದರು. ಕೊನೆಗೆ ಹಾಡನ್ನು ಎಲ್ಲ ಆಪ್‌ಗಳಿಗೂ ತಲುಪಿಸುವ ಒಂದು ಕಂಪನಿಯ ಮೂಲಕ, ಅವರ ಪೂರ್ತಿ ಹೆಸರಿನಲ್ಲಿ, ಒಂದೇ ಹಾಡಿನ ಸಿಂಗಲ್ ಆಗಿ ಹೊರಗೆ ಬಿಟ್ಟೆವು.

ಶುಕ್ರವಾರ, ಶನಿವಾರ ಏನೂ ಅಲ್ಲಾಡಲಿಲ್ಲ. ಭಾನುವಾರ ನಾನು ಊಟದ ತಟ್ಟೆಯ ಪಕ್ಕದಲ್ಲೇ ಫೋನಿಟ್ಟು ಹೆಂಡತಿಯಿಂದ ಬೈಸಿಕೊಂಡೆ. ಸೋಮವಾರ ನೋಡುತ್ತೇನೆ, ಅಡ್ಡಕ್ಕೆ ಮಲಗಿದ್ದ ಕೇಳುಗರ ಲೆಕ್ಕದ ಗೆರೆ ಗೋಡೆ ಹತ್ತಿದಂತೆ ಮೇಲೆದ್ದಿದೆ! ಆಫೀಸಿನಿಂದ ಬೇಗ ಹೊರಟು, ಮೆಟ್ಟಿಲನ್ನು ಹಾರಿಹಾರಿ ಹತ್ತಿ ಆಂಟಿಯ ಬೆಲ್ ಒತ್ತಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಖೆನ್, ಡ್ಯೂಸೆಲ್ಡಾರ್ಫ್, ಕಾರ್ಲ್ಸ್‌ರುಹೆ ಎಂದು ಊರುಗಳ ಹೆಸರು ಓದಿ, "ಆಖೆನ್‌ನಲ್ಲಿ ನನಗೆ ಯಾರೂ ಪರಿಚಯವಿಲ್ಲ," ಎಂದರು. ಹೇಳುವಾಗ ಅವರ ಮುಖ ಅರಳಿತ್ತು. ಪರಿಚಯವಿಲ್ಲದವರು ಕೇಳುವುದೇ ಅವರಿಗೆ ಬೇಕಾಗಿತ್ತು. ಮರುದಿನ ಪ್ಲಮ್ ಕೇಕು ಮಾಡಿ ಇಡೀ ಕಟ್ಟಡಕ್ಕೆ ಹಂಚಿದರು.

ಆ ವಾರ ಮುಗಿಯುವುದರೊಳಗೆ ಹಾಡು ಮಾಯವಾಯಿತು. ಹುಡುಕಿದರೆ ಬೂದು ಬಣ್ಣದ ಖಾಲಿ ಜಾಗ. ತಲುಪಿಸುವ ಕಂಪನಿಯವರ ಮೇಲ್ ಬಂದಿತ್ತು: ಈ ಹಾಡನ್ನು ಕೇಳಿದವರು ನಿಜವಾದ ಕೇಳುಗರಲ್ಲ, ಕೃತಕವಾಗಿ ಓಡಿಸಲಾಗಿದೆ, ಆದ್ದರಿಂದ ತೆಗೆದಿದ್ದೇವೆ. ನನಗೆ ಮೈಯೆಲ್ಲ ಉರಿಯಿತು. ಕೃತಕ ಅಂತೆ! ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ಸುತ್ತುತ್ತಾ ಅವರಿಗೆ ಬರೆಯಬೇಕಾದ ಖಾರದ ಉತ್ತರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಹೆಂಡತಿ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು.

ಅದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪು. ಗುಡ್ ಮಾರ್ನಿಂಗ್ ಹೂವುಗಳ ಕಾಟ ತಾಳಲಾರದೆ ನಾನು ಅದನ್ನು ತೆರೆಯುವುದನ್ನೇ ಬಿಟ್ಟಿದ್ದೆ. ಗುಂಪು ನಡೆಸುವವರು ಮೈಸೂರಿನ ಒಬ್ಬ ಅಕ್ಕ. ಊರಿನ ಯಾರದೋ ಮಗಳು ಟೀವಿಯ ಹಾಡಿನ ಸ್ಪರ್ಧೆಯಲ್ಲಿದ್ದರೆ ಜರ್ಮನಿಯಿಂದ ವೋಟು ಹಾಕಿಸುವಷ್ಟು ಉತ್ಸಾಹ ಅವರದು. ಹೆಂಡತಿ ಯಾವಾಗಲೋ ಹಾಡಿನ ವಿಷಯ ಬಾಯಿಬಿಟ್ಟಿದ್ದಳು. ಅಕ್ಕ ಬರೆದಿದ್ದರು: "ನಮ್ಮ ಹುಡುಗನ ಹಾಡು! ಎಲ್ರೂ ಸಪೋರ್ಟ್ ಮಾಡಿ. ರಿಪೀಟ್‌ಗೆ ಹಾಕಿ ಬಿಟ್ಬಿಡಿ, ಸೌಂಡ್ ಕಮ್ಮಿ ಮಾಡಿದ್ರೂ ನಡಿಯತ್ತೆ." ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಆಖೆನ್‌ನ ಹುಡುಗರ ಗುಂಪಿಗೂ, ಡ್ಯೂಸೆಲ್ಡಾರ್ಫಿನವರಿಗೂ ಕಳಿಸಿದ್ದರು. ಒಬ್ಬ ವಿದ್ಯಾರ್ಥಿ, "ಗುರು, ಹಳೇ ಫೋನಲ್ಲೂ ಓಡಿಸ್ತಾ ಇದೀನಿ," ಎಂದು ಹೆಮ್ಮೆಯಿಂದ ಬರೆದಿದ್ದ.

ಅಕ್ಕನಿಗೆ ಫೋನ್ ಮಾಡಿದೆ. "ಎಂತ ಮಾಡಿದ್ದು ಅಕ್ಕ ನೀವು? ಹಾಡೇ ಹೋಯಿತಲ್ಲ ಮಾರಾಯ್ರೆ!"

"ಯಾಕೋ? ಹಗಲೂ ರಾತ್ರಿ ಓಡಿಸಿದೀವಿ ಕಣೋ. ನಮ್ಮನೇಲೇ ಮೂರು ಫೋನು."

"ನೀವು ಕೇಳಿದ್ರಾ?"

"ಮಕ್ಳು ಓದ್ಕೋತಿರ್ತಾರೆ, ನಂಗೂ ಮೀಟಿಂಗು. ಮ್ಯೂಟ್ ಮಾಡಿಟ್ಟಿದ್ವಿ."

ನಾನು ಫೋನಿಟ್ಟೆ. ಇಷ್ಟೊಂದು ಪ್ರೀತಿಯನ್ನು ಬೈಯುವುದು ಹೇಗೆ? ಬೈಯದೆ ಬಿಡುವುದಾದರೂ ಹೇಗೆ? ಕೃತಕ ಎಂದ ಕಂಪನಿಯವರ ಮಾತು ನಿಜವೇ ಆಗಿತ್ತು ಎಂಬುದು ನನ್ನನ್ನು ಇನ್ನಷ್ಟು ಚುಚ್ಚಿತು. ಕಂಪನಿಗೆ ಬರೆದು ಕೇಳಿದೆ, ಬೇಡಿಕೊಂಡೆ. ಈ ಗಾಯಕಿಯ ಹೆಸರಿನಲ್ಲಿ ಇನ್ನು ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದರು.

ಆಂಟಿಯ ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಕೂರಲು ಆಗಲಿಲ್ಲ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. "ಹಾಗಾದರೆ ಆಖೆನ್‌ನಲ್ಲಿ ಯಾರೂ ಕೇಳಲಿಲ್ಲ," ಎಂದರು.

ನಾನು ಅವಸರಕ್ಕೆ ಬಿದ್ದೆ. "ಬೇರೆ ಕಂಪನಿ ಹಿಡಿಯೋಣ. ಬೇರೆ ಯಾವುದಾದರೂ ಹೆಸರಿನಲ್ಲಿ ಇವತ್ತೇ ಹಾಕಬಹುದು. ಹಾಡು ಅದೇ, ದನಿ ನಿಮ್ಮದೇ," ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ನನಗೇ ಕೇಳಿಸಿತು.

"ಬೇಡ. ಅದನ್ನು ನಾನು ಸಾಕಷ್ಟು ಮಾಡಿದ್ದೇನೆ," ಎಂದರು ಆಂಟಿ, ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತರು.

ಮರು ಭಾನುವಾರ ಅಕ್ಕ ಒಂದು ಡಬ್ಬಿ ತುಂಬ ಕೋಡುಬಳೆ ಹಿಡಿದು ಬಂದರು, ಕಣ್ಣು ಕೆಂಪಾಗಿತ್ತು. ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಅಕ್ಕನಿಗೆ ಜರ್ಮನ್ ಅಂಗಡಿಯ ಮಟ್ಟಿಗೆ ಬರುತ್ತದೆ, ಆಂಟಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಡುವೆ ನಾನು. ಕ್ಷಮೆ ಕೇಳಿದ್ದೂ ಆಯಿತು, ಪರವಾಗಿಲ್ಲ ಎಂದದ್ದೂ ಆಯಿತು, ಆಮೇಲೆ ಮೂವರೂ ಕೋಡುಬಳೆ ಮುರಿಯುತ್ತಾ ಕೂತೆವು. ನನಗೆ ತಡೆಯಲಾಗಲಿಲ್ಲ. ಫೋನಿನಲ್ಲಿದ್ದ ಹಾಡನ್ನು ಆಂಟಿಯ ರೇಡಿಯೋಗೆ ಜೋಡಿಸಿ ಜೋರಾಗಿ ಹಾಕಿದೆ. ಭಾನುವಾರವಾದರೆ ಏನೀಗ!

ಅಕ್ಕ ತಲೆ ತಗ್ಗಿಸಿ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಚೆನ್ನಾಗಿದೆ ಕಣೋ. ದನಿ ಎಲ್ಲಿಂದ ತಗೊಂಡೆ? ಕಂಪ್ಯೂಟರ್ದಾ?" ಎಂದರು.

ಆಂಟಿಯನ್ನು ಯಾಕೆ ನೋಡಲು ಬಂದಿದ್ದೇವೆ ಎಂದು ಅಕ್ಕ ಅಂದುಕೊಂಡಿದ್ದರೋ! ನನ್ನ ನೆರೆಮನೆಯವರು, ಮೈಕು ಕಂಬಳಿ ಕೊಟ್ಟು ಸಹಾಯ ಮಾಡಿದವರು ಎಂದಷ್ಟೇ ತಿಳಿದಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಅಳುವೂ ಬಂತು.

"ಏನು ಕೇಳುತ್ತಿದ್ದಾರೆ?" ಎಂದರು ಆಂಟಿ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಜರ್ಮನ್‌ಗೆ ತಿರುಗಿಸಿದೆ.

ಆಂಟಿ ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗಿಟ್ಟು, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ನಿಂತರು. ತಾಳವಿಲ್ಲ, ಕೀಬೋರ್ಡಿಲ್ಲ. ಅಡುಗೆಮನೆಯ ನಡುವೆ ನಿಂತು ಪಲ್ಲವಿಯನ್ನು ಪೂರ್ತಿ ದನಿಯಲ್ಲಿ ಹಾಡಿದರು. ಮೇಲೇರುವಲ್ಲಿ ಅವರ ಕುತ್ತಿಗೆಯ ನರ ಉಬ್ಬಿತು, ದನಿ ಮಾತ್ರ ಅಲುಗಲಿಲ್ಲ. ಕಪಾಟಿನ ಗಾಜು ಸಣ್ಣಗೆ ಕಂಪಿಸಿತು.

ಅಕ್ಕ ಎರಡೂ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು ಎದ್ದರು. "ಅಯ್ಯೋ, ನೀವೇನಾ ಹಾಡಿದ್ದು!" ಎಂದರು, ನನ್ನ ಕಡೆ ನೋಡದೆ, ನೇರ ಆಂಟಿಯ ಮುಖಕ್ಕೆ, ಕನ್ನಡದಲ್ಲೇ.

ಆ ಮಾತಿನ ಅರ್ಥವನ್ನು ಆಂಟಿ ನನ್ನನ್ನು ಕೇಳಲಿಲ್ಲ.