ಹಿಲ್ಲೆವಿಯ ಖಾಲಿ ಬಾಟಲಿಗಳು

“ಅಮ್ಮಾ, ಲೋಕವೆಲ್ಲ ಹಾಳಾಗಿಹೋದ ಮೇಲೂ ಹಿಲ್ಲೆವಿ ಅಜ್ಜಿ ಖಾಲಿ ಬಾಟಲಿ ಯಾಕೆ ಹೆಕ್ತಾರೆ?”

ಶನಿವಾರ ಬೆಳಿಗ್ಗೆ ಅಂಗಡಿಯಿಂದ ಬಂದು ಪಿಹ್ಲಾಳ ಒದ್ದೆ ಬೂಟು ಎಳೆಯುತ್ತಿದ್ದೆ. ಐದು ವರ್ಷದವಳ ಪ್ರಶ್ನೆಗಳಿಗೆ ಹೊತ್ತುಗೊತ್ತು ಇರುವುದಿಲ್ಲ. “ಅಭ್ಯಾಸ ಕಣೇ” ಅಂದೆ. ಅವಳಿಗೆ ಆ ಉತ್ತರ ಸಾಲಲಿಲ್ಲ, ಮುಖ ಊದಿಸಿಕೊಂಡಳು. ಸಂಜೆ ಹೊತ್ತಿಗೆ ನನಗೂ ಸಾಲದೆ ಹೋಯಿತು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ; ಗಂಡ ಯೋನಾಸ್ ಪಾತ್ರೆ ತೊಳೆಯುತ್ತಿದ್ದಾನೆ, ಪಿಹ್ಲಾ ಅಪ್ಪನಿಗೆ ಮಧ್ಯಾಹ್ನದ ಕತೆಯನ್ನೆಲ್ಲ ಮತ್ತೊಮ್ಮೆ ಅಭಿನಯಿಸಿ ತೋರಿಸುತ್ತಿದ್ದಾಳೆ.

ಹಿಲ್ಲೆವಿ ನಮ್ಮ ಮೇಲಿನ ಮಹಡಿಯವರು. ನಮ್ಮೂರು ಕೋತ್ಕಾದ ಬಂದರಿನ ಬಸ್ಸನ್ನು ಜೀವನವಿಡೀ ಓಡಿಸಿದವರು. ಅವರ ಮೇಲೆ ಊರಿಗಿದ್ದ ದೂರು ಒಂದೇ: ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತಿರಲಿಲ್ಲ. ದೂರದಲ್ಲಿ ಯಾರೋ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಬಾಗಿಲು ಮುಚ್ಚಲು ಅವರಿಗೆ ಕೈ ಬರುತ್ತಿರಲಿಲ್ಲ. ಪಿಹ್ಲಾ ಹೊಟ್ಟೆಯಲ್ಲಿದ್ದ ಚಳಿಗಾಲದಲ್ಲಿ ನಾನೂ ಹೆಪ್ಪುಗಟ್ಟಿದ ರಸ್ತೆಯ ಮೇಲೆ ಬಾತುಕೋಳಿಯ ಹಾಗೆ ಹೆಜ್ಜೆಯಿಡುತ್ತ ಹೋಗಿ ಆ ಬಸ್ಸು ಹತ್ತಿದ್ದೇನೆ. “ನಿಧಾನ ಬಾರಮ್ಮ, ಹಡಗೇನೂ ಮುಳುಗ್ತಾ ಇಲ್ಲ” ಅಂದಿದ್ದರು.

ಹೋದ ಬೇಸಿಗೆಯ ಕೊನೆಗೆ ಅವರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮಾತು ಬಂತು, ಕಾಲು ಬಂತು. ಎಡಗೈ ಮಾತ್ರ ಬಂದೂ ಬಾರದ ಹಾಗೆ ಉಳಿಯಿತು. ಬೆರಳುಗಳು ಹೇಳಿದ್ದನ್ನು ಕೇಳುತ್ತಿದ್ದವು, ಆದರೆ ತಡವಾಗಿ, ಬೇಕೋ ಬೇಡವೋ ಅನ್ನುವಂತೆ. ಬಸ್ಸಿನ ಕೀಲಿ ವಾಪಸು ಕೊಟ್ಟು ಬಂದರು.

ಅಂದಿನಿಂದ ಅವರ ತಮ್ಮ ಎನ್ಸಿಯೊ ದಿನವೂ ಬರತೊಡಗಿದರು. ಬಂದರಿನ ಕ್ರೇನಿನಲ್ಲಿ ದುಡಿದು ಬೇಗನೆ ನಿವೃತ್ತರಾದ ದೊಡ್ಡಾಳು. ಮದುವೆಯಾಗಲಿಲ್ಲ. ಅಮ್ಮನನ್ನು ಕೊನೆಯವರೆಗೂ ಮಗುವಿನಂತೆ ನೋಡಿಕೊಂಡರು. ಆಕೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇವರೊಬ್ಬರೇ. ಬೆಳಿಗ್ಗೆ ಬಂದು ಅಕ್ಕನ ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚುವರು, ಸೌತೆಕಾಯಿ ಹೆಚ್ಚಿ ಮೇಲಿಡುವರು, ಕಾಫಿಗೆ ಹಾಲು ಹಾಕಿ ಚಮಚವನ್ನೂ ತಾವೇ ತಿರುಗಿಸುವರು. ಹಿಲ್ಲೆವಿ ಆ ಬ್ರೆಡ್ಡನ್ನು ಕಚ್ಚುವಾಗಿನ ಮುಖ ನೋಡಬೇಕಿತ್ತು.

ಬೆರಳಿಗೆ ವ್ಯಾಯಾಮವಾಗಲೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ರಬ್ಬರ್ ಚೆಂಡು ಅವರ ಬಾಲ್ಕನಿಯ ಬಾಗಿಲಿಗೆ ಅಡ್ಡ ಕೂತಿತ್ತು. ಅದನ್ನು ನೋಡಿ ಯೋನಾಸ್ ನಮ್ಮ ಹಳೆಯ ಗೇಮ್ ಯಂತ್ರವನ್ನು ಹೊತ್ತುಕೊಂಡು ಹೋಗಿ ಅವರ ಟಿವಿಗೆ ಜೋಡಿಸಿದ. “ಇದ್ರಲ್ಲಿ ಹತ್ತೂ ಬೆರಳಿಗೆ ಕೆಲಸ ಇದೆ, ನೋಡಿ” ಅಂದ. ಅದರೊಳಗೆ ಆಗಲೇ ಒಂದು ಆಟವಿತ್ತು.

ಆ ಆಟದಲ್ಲಿ ಲೋಕ ಮುಗಿದುಹೋಗಿದೆ. ಊರುಗಳು ಪಾಳುಬಿದ್ದಿವೆ, ಹೆದ್ದಾರಿಯ ಮೇಲೆ ಹುಲ್ಲು ಬೆಳೆದಿದೆ, ಅಲ್ಲಲ್ಲಿ ನಾಲ್ಕು ಜನ ಬದುಕಿದ್ದಾರೆ. ಎತ್ತ ಬೇಕಾದರೂ ಹೋಗಬಹುದು, ಹೀಗೇ ಹೋಗು ಎನ್ನುವವರಿಲ್ಲ. ಯಾರದೋ ಅಡುಗೆಮನೆಯಲ್ಲಿ ಉಳಿದ ಡಬ್ಬಿ, ಔಷಧಿ, ಗುಂಡು ಹುಡುಕಿಕೊಳ್ಳಬೇಕು. ಸಿಕ್ಕವರೊಡನೆ ಮಾತೋ ಜಗಳವೋ ಅದು ನಮ್ಮಿಷ್ಟ. ಹೀಗೆ ನಡೆದು ನಡೆದು ಉತ್ತರದ ಕಡಲತೀರದ ದೀಪಸ್ತಂಭ ತಲುಪಿ ದೀಪ ಹೊತ್ತಿಸಿದರೆ ಗೆದ್ದಂತೆ. ಹಿಲ್ಲೆವಿ ತಮ್ಮ ಪಾತ್ರಕ್ಕೆ ಸಿಲ್ವಿ ಎಂದು ಹೆಸರಿಟ್ಟು, ಕೆಂಪು ಟೋಪಿ ಹಾಕಿಸಿ, ಹೊರಟರು.

ಹೊರಟ ದಿನದಿಂದಲೇ ಬಾಟಲಿ. ದಾರಿಯಲ್ಲಿ ಖಾಲಿ ಬಾಟಲಿ ಬಿದ್ದಿದ್ದರೆ ಸಿಲ್ವಿ ಬಗ್ಗಿ ಎತ್ತಿಕೊಳ್ಳುವಳು. ನಾವೆಲ್ಲ ಹಾಗೆಯೇ ಬೆಳೆದವರು. ಬಾಟಲಿ ಕಂಡರೆ ಚೀಲಕ್ಕೆ, ಚೀಲ ತುಂಬಿದರೆ ಖಾಲಿ ಬಾಟಲಿಗೆ ಕಾಸು ಕೊಡುವ ಅಂಗಡಿಯ ಯಂತ್ರದ ಬಾಯಿಗೆ. ಆದರೆ ಆಟದಲ್ಲಿ ಬಾಟಲಿಗೂ ಭಾರವಿದೆ, ಸಿಲ್ವಿಯ ಚೀಲಕ್ಕೂ ಮಿತಿಯಿದೆ. ಚೀಲ ತುಂಬಿದರೆ ಓಡಲಾಗುವುದಿಲ್ಲ.

“ಅಕ್ಕ, ಲೋಕ ಮುಳುಗಿದೆ” ಎನ್ನುವರು ಎನ್ಸಿಯೊ. “ಯಾವ ಯಂತ್ರಕ್ಕೆ ಹಾಕ್ತೀಯ ಅದನ್ನ?”

“ಮುಳುಗಿದ್ರೆ? ಗಾಜು ಕಾಲಿಗೆ ಚುಚ್ಚಲ್ವಾ?”

“ಗುಂಡು ಬಿಟ್ಟು ಬಂದ್ಯಲ್ಲ, ಆ ಪೆಟ್ಟಿಗೆ ಪೂರ್ತಿ!”

“ಜಾಗ ಇರ್ಲಿಲ್ಲ ಕಣೋ.”

ರಸ್ತೆಬದಿಯಲ್ಲಿ ಯಾರಾದರೂ ಕೈ ಎತ್ತಿದರೂ ನಿಂತುಬಿಡುವರು. ಅಂಥವರಲ್ಲಿ ಅರ್ಧ ಜನ ಕಳ್ಳರು ಎಂದು ಯೋನಾಸ್ ತಲೆ ಚಚ್ಚಿಕೊಂಡ. “ಇನ್ನರ್ಧ ಜನಕ್ಕೆ ಬಸ್ಸು ತಪ್ಪುತ್ತಲ್ಲಪ್ಪ” ಅಂದರು.

ಜನವರಿಯ ಒಂದು ಬೆಳಿಗ್ಗೆ ನಾನು ಪಿಹ್ಲಾಳೊಂದಿಗೆ ಮೇಲೆ ಕೂತಿದ್ದೆ. ಎನ್ಸಿಯೊ ಮಡಚಿದ ರಟ್ಟಿನ ಪೆಟ್ಟಿಗೆಗಳ ದೊಡ್ಡ ಕಟ್ಟನ್ನು ಹೊತ್ತು ತಂದು ನಡುಮನೆಯ ಗೋಡೆಗೆ ಒರಗಿಸಿದರು.

“ಇದೇನೋ ಇದು?”

“ಸಾಮಾನು ತುಂಬೋಕೆ. ಅಮ್ಮನ ಕೋಣೆಗೆ ಬಣ್ಣ ಹೊಡೆಸಿದೀನಿ. ಈ ಫ್ಲಾಟು ಬಿಟ್ಟು ನಮ್ಮನೆಗೆ ಬಂದ್ಬಿಡಕ್ಕ. ಒಂದೇ ಕೈಲಿ ಎಷ್ಟು ದಿನ ಒದ್ದಾಡ್ತೀಯ?”

“ನಂಗೆ ಎರಡು ಕೈ ಇದೆ.”

“ಒಂದೂವರೆ.”

ನಾನು ಕಾಫಿ ಲೋಟದೊಳಗೇ ನೋಡುತ್ತ ಕೂತೆ. ಹಿಲ್ಲೆವಿ ಟಿವಿಯ ಕಡೆ ಗದ್ದ ಚಾಚಿದರು.

“ಈ ಆಟದಲ್ಲಿ ಒಂದೇ ಜೀವ ಅಂತ ಒಂದು ವಿಧ ಇದೆ. ಸಿಲ್ವಿ ಸತ್ತರೆ ಸತ್ತಳು, ಮತ್ತೆ ಹುಟ್ಟಲ್ಲ, ನಡೆದ ದಾರಿ ಎಲ್ಲ ಅಳಿಸಿಹೋಗುತ್ತೆ. ಯೋನಾಸ್ ಅದ್ರಲ್ಲಿ ಎಷ್ಟು ಸಲ ಸತ್ತಿದಾನೆ ಅಂತ ಅವನ್ನೇ ಕೇಳು. ನಾನು ಅದ್ರಲ್ಲೇ ಮೊದಲಿಂದ ಹೊರಡ್ತೀನಿ, ಈ ಒಂದೂವರೆ ಕೈಲೇ. ದೀಪ ಹೊತ್ತಿಸಿದ್ರೆ ಈ ಪೆಟ್ಟಿಗೆಗಳನ್ನ ನೀನೇ ಕೆಳಗೆ ಹೊತ್ಕೊಂಡು ಹೋಗ್ಬೇಕು. ಆ ಕೋಣೆ ಸುದ್ದಿ ಇನ್ನು ಎತ್ತಬಾರದು.”

“ಸತ್ರೆ?”

“ಸತ್ರೆ ತುಂಬ್ಕೊಂಡು ಬರ್ತೀನಿ. ನೀನು ಬೆಣ್ಣೆ ಹಚ್ಚು, ನಾನು ತಿಂತೀನಿ.”

ಎನ್ಸಿಯೊ ನಕ್ಕುಬಿಟ್ಟರು. “ವಾರ ದಾಟಲ್ಲ ಬಿಡು!” ಎಂದು ಕೈ ಚಾಚಿದರು. ಹಿಲ್ಲೆವಿ ಬೇಕೆಂದೇ ಎಡಗೈ ಕೊಟ್ಟರು. ಬೆರಳುಗಳು ಮಡಚಲಿಲ್ಲ. ತಮ್ಮನೇ ಅವನ್ನು ಒಂದೊಂದಾಗಿ ತನ್ನ ಅಂಗೈ ಸುತ್ತ ಮಡಚಿಕೊಂಡು ಕೈ ಕುಲುಕಿದರು. ಇಲ್ಲಿ ಕೈ ಕುಲುಕಿದ ಮೇಲೆ ಮಾತು ಗಟ್ಟಿ, ಸಾಕ್ಷಿಗೆ ಯಾರೂ ಬೇಕಿಲ್ಲ; ಆದರೂ ನಾನಿದ್ದೆ.

ವಾರ ದಾಟಿತು. ಚಳಿಗಾಲವೇ ದಾಟುತ್ತ ಬಂತು. ಪೆಟ್ಟಿಗೆಗಳ ಕಟ್ಟು ಅಲ್ಲೇ ಗೋಡೆಗೆ ಒರಗಿತ್ತು, ಹಿಲ್ಲೆವಿ ಬಚ್ಚಲಿಗೆ ಹೋಗುವಾಗಲೆಲ್ಲ ಅದನ್ನು ಬಳಸಿ ಹೋಗುವರು. ಹೊರಗೆ ಬಂದರಿನಲ್ಲಿ ಮಂಜುಗಡ್ಡೆ ಒಡೆಯುವ ಹಡಗು ಓಡಾಡುವುದು, ಒಳಗೆ ಸಿಲ್ವಿ ಪಾಳು ಊರುಗಳ ನಡುವೆ ಮೆಲ್ಲಗೆ ನಡೆಯುವಳು. ಜಗಳ ಕಂಡರೆ ಸುತ್ತುದಾರಿ ಹಿಡಿಯುವಳು. ಒಮ್ಮೆ ಕೈ ಎತ್ತಿದ ಮುದುಕನೊಬ್ಬನಿಗೆ ನಿಂತು ನೀರು ಕೊಟ್ಟದ್ದಕ್ಕೆ ಆತ ಸೇತುವೆ ಮುರಿದಿದೆಯೆಂದು ಮೊದಲೇ ಹೇಳಿ ಜೀವ ಉಳಿಸಿದ. ಅಂದು ಹಿಲ್ಲೆವಿ ಯೋನಾಸನಿಗೆ ಫೋನ್ ಮಾಡಿ, “ಕಳ್ಳ ಅಲ್ಲ, ಪ್ರಯಾಣಿಕ” ಎಂದಷ್ಟೇ ಹೇಳಿ ಇಟ್ಟರು. ಕೈಯನ್ನು ಯಾರೂ ಗಮನಿಸುತ್ತಿರಲಿಲ್ಲ. ಒಂದು ದಿನ ಪಿಹ್ಲಾಳ ಜಡೆಯ ರಬ್ಬರನ್ನು ಅವರೇ ಹಾಕಿ ಕಳಿಸಿದ್ದನ್ನು ಕಂಡು ನಾನು ಒಂದು ಕ್ಷಣ ನಿಂತೆ.

ಇವತ್ತು ಮಧ್ಯಾಹ್ನ ಏಲಕ್ಕಿ ಬನ್ನು ಬೇಯಿಸಿ ಮೇಲೆ ಒಯ್ದಾಗ ಸಿಲ್ವಿ ಕೊನೆಯ ಕಣಿವೆಯ ಬಾಯಲ್ಲಿ ನಿಂತಿದ್ದಳು. ಆಚೆ ತುದಿಯಲ್ಲಿ ದೀಪಸ್ತಂಭ, ನಡುವೆ ಕುರುಡು ಕರಡಿಗಳು. ಕಣ್ಣಿಲ್ಲ, ಕಿವಿ ಮಾತ್ರ. ಒಂದೇ ಏಟಿಗೆ ಸಿಲ್ವಿಯ ಕತೆ ಮುಗಿಯುತ್ತದೆ. ಯೋನಾಸ್ ಪ್ರತಿ ಸಲ ಸತ್ತದ್ದು ಇಲ್ಲೇ. ಅವನ ಹತ್ತಿರ ಚೀಲದ ತುಂಬ ಗುಂಡುಗಳಿದ್ದವು. ಸಿಲ್ವಿಯ ಹತ್ತಿರ ಚೀಲದ ತುಂಬ ಬಾಟಲಿ.

ಎನ್ಸಿಯೊ ಕುರ್ಚಿಯ ತುದಿಗೆ ಕೂತಿದ್ದರು. “ಇವತ್ತು ಐದಕ್ಕೆ ಕೆಳಗೆ ಸೌನಾದಲ್ಲಿ ನಿನ್ನ ಉಗಿಸ್ನಾನದ ಸರದಿ ಅಲ್ವಾ? ಬೇಗ ಸಾಯಿ, ಸ್ನಾನ ಮಾಡಿ ಬಂದು ಸಾಮಾನು ಕಟ್ಟೋಣ.”

“ಬನ್ನು ತಿನ್ನು. ಬಾಯಿ ತುಂಬಿರ್ಲಿ.”

ಸಿಲ್ವಿ ಬಂಡೆಯಿಂದ ಬಂಡೆಗೆ ಕುಕ್ಕರಗಾಲಲ್ಲಿ ಸರಿದಳು. ಚೀಲದೊಳಗೆ ಗಾಜು ಕಿಣಿಕಿಣಿ ಅಂದಿತು. ಹತ್ತಿರದ ಕರಡಿ ತಲೆಯೆತ್ತಿತು.

“ಕೇಳಿಸ್ತು ಅದಕ್ಕೆ! ಕೇಳಿಸ್ತು!” ಎಂದು ಪಿಹ್ಲಾ ನನ್ನ ಮಡಿಲಿಗೆ ನುಗ್ಗಿದಳು.

ಕರಡಿ ನೇರ ಬಂತು. ಹಿಲ್ಲೆವಿ ಬಂದೂಕು ತೆಗೆಯಲು ಹೋದರು. ಎಡಗೈಯ ತೋರುಬೆರಳು ಗಾಬರಿಯಲ್ಲಿ ಬೇರೆ ಗುಂಡಿಯ ಮೇಲೆ ಬಿತ್ತು, ಬಿದ್ದದ್ದು ಅಲ್ಲೇ ಕೂತಿತು. ಎಸೆಯುವ ಗುಂಡಿ ಅದು. ಹೆಚ್ಚು ಹೊತ್ತು ಒತ್ತಿ ಹಿಡಿದಷ್ಟೂ ವಸ್ತು ದೂರ ಹೋಗುತ್ತದೆ. ಬೆರಳು ಕೊನೆಗೂ ಮೇಲೆದ್ದಾಗ ಒಂದು ಬಾಟಲಿ ಸುಯ್ಯೆಂದು ಕಣಿವೆಯ ಅಷ್ಟೂ ಅಗಲ ದಾಟಿ ಎದುರಿನ ಬಂಡೆಗೆ ಬಡಿದು ಪುಡಿಯಾಯಿತು.

ಕರಡಿ ನಿಂತಿತು. ತಿರುಗಿತು. ಸದ್ದು ಬಂದ ಕಡೆಗೆ ಓಡಿತು. ಅದರ ಹಿಂದೆ ಇನ್ನೆರಡು.

ಎನ್ಸಿಯೊ ಕೈಯಲ್ಲಿದ್ದ ಬನ್ನು ಬಾಯಿಯ ಹತ್ತಿರವೇ ನಿಂತಿತ್ತು. ಆಮೇಲೆ ಅವರೇ ಕೂಗಿದರು, “ದಾರಿ ಬಿಡ್ತು ನೋಡು! ಆ ಬಾಟಲಿ ಎಲ್ಲ ಬಿಸಾಕಿ ಓಡಕ್ಕ, ಓಡು!”

“ಬಿಸಾಕ್ತೀನಿ” ಅಂದರು ಹಿಲ್ಲೆವಿ. “ಒಂದೊಂದಾಗಿ.”

ಆಮೇಲಿನದನ್ನು ಹೇಗೆ ಬರೆಯಲಿ? ಬಲಕ್ಕೊಂದು ಬಾಟಲಿ, ಎಡಕ್ಕೆ ನಾಲ್ಕು ಹೆಜ್ಜೆ. ಹಿಂದಕ್ಕೊಂದು ಬಾಟಲಿ, ಮುಂದಕ್ಕೆ ಒಂದು ಬಂಡೆ. ಆ ಸೋಮಾರಿ ಬೆರಳಿಗೆ ಹೇಳಿ ಮಾಡಿಸಿದ ಕೆಲಸ. ತಡವಾಗಿ ಎದ್ದಷ್ಟೂ ಬಾಟಲಿ ದೂರ, ಕರಡಿ ದೂರ. ಚೀಲ ಹಗುರಾದಂತೆ ಸಿಲ್ವಿಯ ನಡಿಗೆ ಚುರುಕಾಯಿತು. ಎನ್ಸಿಯೊ ಯಾವಾಗ ಎದ್ದು ನಿಂತರೋ ಗೊತ್ತಿಲ್ಲ. “ಎಡಕ್ಕೆ! ಎಡಕ್ಕಿದೆ ಒಂದು! ಎಸಿ!” ಎಂದು ಕ್ರೇನಿನ ಮೇಲಿಂದ ಕೂಗುವವರ ಹಾಗೆ ಎರಡೂ ಕೈ ಬೀಸುತ್ತಿದ್ದರು. ಅವರ ಬನ್ನನ್ನು ಪಿಹ್ಲಾ ತಿನ್ನುತ್ತಿದ್ದಳು.

ದೀಪಸ್ತಂಭದ ಬಾಗಿಲು ಕಂಡಾಗ ಚೀಲದಲ್ಲಿ ಉಳಿದಿದ್ದದ್ದು ಒಂದೇ ಬಾಟಲಿ. ಬಾಗಿಲಿಗೆ ಅಡ್ಡವಾಗಿ ಒಂದು ಮುದಿ ಕರಡಿ ಮಲಗಿತ್ತು, ಎಲ್ಲಕ್ಕಿಂತ ದೊಡ್ಡದು. ಅದರ ಹಿಂದೆ ಬರೀ ಸಮುದ್ರ. ದೂರ ಎಸೆದರೆ ಬಾಟಲಿ ನೀರಿಗೆ ಬಿದ್ದು ಸದ್ದೇ ಆಗುವುದಿಲ್ಲ. ಪಕ್ಕದ ಮೆಟ್ಟಿಲ ಕಲ್ಲಿಗೇ ಬೀಳಬೇಕು. ಅಂದರೆ ಗುಂಡಿಯನ್ನು ಮುಟ್ಟಿದ ಕೂಡಲೇ ಬಿಡಬೇಕು.

ಆ ಬೆರಳು ಬೇಸಿಗೆಯಿಂದ ಈಚೆಗೆ ಏನನ್ನೂ ಕೂಡಲೇ ಮಾಡಿರಲಿಲ್ಲ.

ಹಿಲ್ಲೆವಿ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಎಡಗೈಯನ್ನು ಒಮ್ಮೆ ಕೊಡವಿದರು. ನಡುಮನೆಯ ಪೆಟ್ಟಿಗೆಗಳ ಕಡೆ ನೋಡಿದರು. ಮತ್ತೆ ಎತ್ತಿಕೊಂಡರು.

“ಅಕ್ಕ…” ಅಂದರು ಎನ್ಸಿಯೊ.

“ಸುಮ್ನಿರೋ.”

ಟಕ್. ಅಷ್ಟೇ. ಬೆರಳು ಬಿತ್ತು, ಎದ್ದಿತು. ಬಾಟಲಿ ಮೆಟ್ಟಿಲ ಕಲ್ಲಿನ ಮೇಲೆ ಚೂರಾಯಿತು, ಕರಡಿ ಗುರ್ರೆಂದು ಆ ಕಡೆ ಹಾರಿತು, ಸಿಲ್ವಿ ಬಾಗಿಲು ತಳ್ಳಿ ಒಳಹೊಕ್ಕು ಚಿಲಕ ಹಾಕಿಕೊಂಡಳು. ಸುತ್ತುಮೆಟ್ಟಿಲು ಹತ್ತಿದಳು. ದೀಪ ಹೊತ್ತಿತು. ಹಾಳಾದ ಲೋಕದ ಅಷ್ಟೂ ಕತ್ತಲಿನ ಮೇಲೆ ಒಂದು ಉದ್ದನೆಯ ಬೆಳಕು ಸುತ್ತು ಹೊಡೆಯಿತು. ದೂರದಲ್ಲಿ ಒಂದು ಕಿಟಕಿಯಲ್ಲಿ ಉತ್ತರವಾಗಿ ಸಣ್ಣ ಬೆಳಕು, ಆಮೇಲೆ ಇನ್ನೊಂದು, ಇನ್ನೊಂದು.

ನಾನು ಅತ್ತೆನೋ ಕೂಗಿದೆನೋ ನೆನಪಿಲ್ಲ. ಎನ್ಸಿಯೊ ಕೂಗಿದ್ದಂತೂ ಇಡೀ ಕಟ್ಟಡಕ್ಕೆ ಕೇಳಿಸಿತು. ಪಕ್ಕದ ಮನೆಯವರು ಬಂದು ಬಾಗಿಲು ಬಡಿದು ಯಾರಿಗೇನಾಯಿತು ಎಂದು ಕೇಳಿದರು. “ಗೆದ್ಲು! ನಮ್ಮಕ್ಕ ಗೆದ್ಲು!” ಎಂದು ಅವರನ್ನೂ ಅಪ್ಪಿಕೊಂಡುಬಿಟ್ಟರು. ಎದುರಿಗೆ ಸಿಕ್ಕರೆ ತಲೆಯಾಡಿಸುವುದಕ್ಕಿಂತ ಹೆಚ್ಚಿನ ಬಳಕೆ ಇಲ್ಲದ ಜನ ನಾವು; ಪಾಪ, ಅವರು ಅಪ್ಪುಗೆಯೊಳಗೆ ಕಂಬದ ಹಾಗೆ ನಿಂತಿದ್ದರು. ತಾವು ಸೋತದ್ದು ಎನ್ಸಿಯೊಗೆ ನೆನಪಾದದ್ದು ಆಮೇಲೆ. ತಿರುಗಿ ಬಂದು ಅಕ್ಕನ ಮುಂದೆ ಕೈ ಚಾಚಿದರು.

ಹಿಲ್ಲೆವಿ ಎಡಗೈಯನ್ನೇ ಕೊಟ್ಟರು. ಈ ಸಲ ಬೆರಳುಗಳನ್ನು ಯಾರೂ ಮಡಚಬೇಕಾಗಲಿಲ್ಲ.

“ಅಯ್ಯಯ್ಯೋ, ಬಿಡೇ! ಮೂಳೆ!”

“ಎಷ್ಟು ಕೈ ಇದೆ ನಂಗೆ?”

“ಎರಡು! ಎರಡು ಬಿಡು!”

ಪಿಹ್ಲಾ ಅವರ ಮೊಣಕಾಲಿಗೆ ಒರಗಿಕೊಂಡು, ಬೆಳಿಗ್ಗೆ ನನ್ನಿಂದ ಸಿಗದ ಉತ್ತರವನ್ನು ಅವರಿಂದಲೇ ಕೇಳಿದಳು. “ಕರಡಿ ಬರುತ್ತೆ ಅಂತ ಗೊತ್ತಿತ್ತಾ ಅಜ್ಜಿ? ಅದಕ್ಕೇ ಬಾಟಲಿ ಹೆಕ್ಕಿದ್ರಾ?”

“ನಂಗೇನು ಗೊತ್ತಿತ್ತು ಮರೀ? ಬಿದ್ದಿತ್ತು, ಎತ್ಕೊಂಡೆ.”

ಐದು ಗಂಟೆ ಎಂದೋ ದಾಟಿತ್ತು. ಸೌನಾ ಸರದಿ ಹೋಯಿತು. ಈ ಕಟ್ಟಡಕ್ಕೆ ಬಂದಾಗಿನಿಂದ ಹಿಲ್ಲೆವಿ ಒಂದು ಶನಿವಾರವೂ ತಪ್ಪಿಸಿದವರಲ್ಲ. ಅದಕ್ಕೂ ನಕ್ಕರು.

ಎನ್ಸಿಯೊ ಪೆಟ್ಟಿಗೆಗಳ ಕಟ್ಟನ್ನು ಹೆಗಲಿಗೇರಿಸಿದರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, “ನಾಳೆ ಬೆಳಿಗ್ಗೆ…” ಅಂದರು.

“ನಾಳೆ ಕಾಫಿಗೆ ಬಾ. ಬ್ರೆಡ್ಡು ನಾನೇ ಹಚ್ಕೊಳ್ತೀನಿ.”

“ಆಯ್ತು” ಎಂದು ಇಳಿದುಹೋದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಧಾನವಾಗಿ, ಭಾರವಾಗಿ ಕೇಳಿಸುತ್ತಿತ್ತು. ಹಿಲ್ಲೆವಿ ಆ ಸದ್ದು ಮುಗಿಯುವ ತನಕ ಕಿವಿಗೊಟ್ಟು ಕೂತಿದ್ದರು, ಬಸ್ಸಿನ ಕನ್ನಡಿಯಲ್ಲಿ ದೂರದ ಯಾರನ್ನೋ ನೋಡುವ ಮುಖದಲ್ಲಿ. ನಾನು ಲೋಟಗಳನ್ನು ಎತ್ತಿಡುತ್ತಿದ್ದೆ. ಎಡಗೈಯಿಂದ ನನ್ನ ತೋಳು ಹಿಡಿದು ನಿಲ್ಲಿಸಿದರು.

“ಒಂದು ಉಪಕಾರ ಮಾಡ್ತೀಯಾ? ವಾರದಲ್ಲೊಂದು ದಿನ ಅವನನ್ನ ನಿಮ್ಮನೆಗೆ ಕರಿ. ಪಿಹ್ಲಾಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಡ್ಲಿ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡ.”